ಹೊಲದಾಗ ಸಿಕ್ಕ ಕಲ್ಲಿನ ಕೊಡ್ಲಿ ಎಷ್ಟು ವರ್ಷದ್ದು ಅಂತ ಹೆಂಗ ಹೇಳ್ತಾರ?

ಪ್ರಶ್ನೆ: ನಮಸ್ಕಾರ ಸರ್. ನಮ್ದು ಹಾವೇರಿ ಕಡೆ ವರದಾ ನದಿ ಹತ್ರ ಒಂದು ಹಳ್ಳಿ. ಈ ಸಲ ಹೊಲಾ ರಂಟಿ ಹೊಡಸುವಾಗ ನುಣ್ಣನ ಕಲ್ಲಿನ ಕೊಡ್ಲಿ ಒಂದು, ಮತ್ತ ಒಳಗ ಕರ್ರಗ ಹೊರಗ ಕೆಂಪಗ ಇರೋ ಗಡಿಗಿ ಚೂರು ಒಂದು ಬುಟ್ಟಿ ಸಿಕ್ಕಾವ. ನಮ್ಮಜ್ಜ ಕೊಡ್ಲಿನ ಸಿಡ್ಲ ಕಲ್ಲು ಅಂತ ದೇವರ ಜಗಲಿ ಮ್ಯಾಲ ಇಟ್ಟಾನ. ಕಾರ್ಬನ್ ಡೇಟಿಂಗ್ ಮಾಡಿಸಿದ್ರ ಎಷ್ಟು ವರ್ಷದ್ದು ಅಂತ ಗೊತ್ತಾಗ್ತೈತೇನ್ರಿ? ಹೊಲದ ಮೂಲ್ಯಾಗ ಹಾಳೂರ ದಿಬ್ಬಾನೂ ಐತಿ, ಜೆಸಿಬಿ ತಂದು ತೋಡಿ ನೋಡೂಣು ಅಂತ ಗೆಳ್ಯಾರು ಅನ್ನಾಕತ್ತಾರ. ಆರ್ಕಿಯಾಲಜಿಯವ್ರು ಹೆಂಗ ತೋಡ್ತಾರ, ವರ್ಷ ಹೆಂಗ ಹೇಳ್ತಾರ, ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ಮೊದಲ ಒಂದು ಕೆಲಸ ಮಾಡ್ರಿ, ಜೆಸಿಬಿ ಬ್ಯಾಡ ಅಂತ ಗೆಳ್ಯಾರಿಗೆ ಹೇಳಿ ಬರ್ರಿ, ಆಮ್ಯಾಲ ಕೂತು ಇದನ್ನ ಓದ್ರಿ. ಆ ಬಕೆಟ್ ಎರಡು ಸಲ ಇಳೀತಂದ್ರ, ಎಷ್ಟೋ ನೂರು ವರ್ಷದಾಗ ಒಂದರ ಮ್ಯಾಲ ಒಂದು ಕೂತಿದ್ದ ಮಣ್ಣು ಕಲಸಿದ ರೊಟ್ಟಿ ಹಿಟ್ಟಿನಂಗ ಆಗ್ತೈತಿ, ಅದನ್ನ ತಿರುಗಿ ಬಿಡಿಸಾಕ ದೇವರು ಬಂದ್ರೂ ಆಗೂದಿಲ್ಲ.

ಈಗ ನಿಮ್ಮ ಕೊಡ್ಲಿ. ಫೋಟೊ ನೋಡಿದೆ. ಕರೇ ಕಲ್ಲು, ಒಂದು ತುದಿ ಸಣ್ಣಗ, ಇನ್ನೊಂದು ತುದಿ ಅಗಲ, ಅಗಲ ಇದ್ದ ಕಡಿ ಅಷ್ಟ ತಿಕ್ಕಿ ನುಣ್ಣಗ ಮಾಡ್ಯಾರ, ಬೆನ್ನಿನ ಮ್ಯಾಲ ಇನ್ನೂ ಕುಟ್ಟಿದ ಗುರುತು ಹಂಗ ಅದಾವ. ಇದು ನವಶಿಲಾಯುಗದ ಕೊಡ್ಲಿ, ಅಂದ್ರ ಕಬ್ಬಿಣ ಬರೂ ಮೊದಲ ಕಲ್ಲು ತಿಕ್ಕಿ ಹತಾರ ಮಾಡ್ಕೊಂಡು ದನ ಸಾಕಿ ಬೆಳಿ ಬೆಳೀತಿದ್ದ ಜನದ ಕಾಲದ್ದು, ಅದರಾಗ ನನಗ ಸಂಶಯ ಇಲ್ಲ. ಕಲ್ಲು ಡಾಲರೈಟ್ ಇರಬೇಕು. ನಮ್ಮ ಗುಡ್ಡದಾಗ ಯಾರೋ ಗೋಡಿ ಕಟ್ಟಿದಂಗ ಉದ್ದಕ ಹಾದು ಹೋಗೂ ಕರೇ ಕಲ್ಲಿನ ಪಟ್ಟಿ ನೋಡಿರ್ತೀರಿ, ಅಲ್ಲಿ ಸಿಗೂದು ಇದ ಕಲ್ಲು. ಬಳ್ಳಾರಿ ಹತ್ರ ಸಂಗನಕಲ್ಲಿನ ಗುಡ್ಡದಾಗ ಈ ಕಲ್ಲಿಂದ ಕೊಡ್ಲಿ ಮಾಡೂ ಕಾರ್ಖಾನಿನ ಇತ್ತು ಅನ್ನಬಹುದು, ಅರ್ಧಕ್ಕ ಬಿಟ್ಟ ಕೊಡ್ಲಿ, ಒಡದ ಚಕ್ಕಿ ರಾಶಿ ರಾಶಿ ಬಿದ್ದಾವ ಅಲ್ಲಿ. ಮೊದಲ ಒಡದು ಆಕಾರ ಕೊಡೂದು, ಆಮ್ಯಾಲ ಸಣ್ಣಗ ಕುಟ್ಟಿ ಉಬ್ಬು ತಗ್ಗು ತಗಿಯೂದು, ಕಡೀಕ ಬಂಡೆಗಲ್ಲಿನ ಮ್ಯಾಲ ನೀರು ಹಾಕಿ ತಿಕ್ಕೂದು. ತಿಕ್ಕಿ ತಿಕ್ಕಿ ಬಂಡೆಗಲ್ಲಿಗೆ ಬಿದ್ದ ಕುಳಿ ಇವತ್ತಿಗೂ ಕಾಣ್ತಾವ.

ಅಜ್ಜಾರು ಸಿಡ್ಲ ಕಲ್ಲು ಅಂದ್ರು ಅಂತ ನಗಬ್ಯಾಡ್ರಿ. ಯುರೋಪಿನಾಗೂ ಹಳ್ಳಿ ಜನ ಇಂಥಾ ಕೊಡ್ಲಿ ಸಿಡ್ಲಿನ ಜೋಡಿ ಮ್ಯಾಲಿಂದ ಬಿದ್ದಾವ ಅಂತನ ತಿಳಕೊಂಡಿದ್ರು, ಸಿಡ್ಲ ಬಡಿಬಾರ್ದು ಅಂತ ಮನ್ಯಾಗ ಇಟ್ಕೋತಿದ್ರು. ಅವರ ಲೆಕ್ಕಾನೂ ತಪ್ಪಲ್ಲ, ರಾತ್ರಿ ಗುಡುಗು ಸಿಡ್ಲ ಜೋರು ಮಳಿ, ಮುಂಜಾನೆ ಹೊಲಕ್ಕ ಹೋದ್ರ ಮಣ್ಣು ತೊಳದು ನುಣ್ಣನ ಕಲ್ಲು ಮ್ಯಾಲ ಕೂತಿರ್ತೈತಿ, ಯಾರಾದ್ರೂ ಹಂಗ ತಿಳಕೋಬೇಕು. ಜಗಲಿ ಮ್ಯಾಲ ಇದ್ರ ಇರ್ಲಿ, ಕುಂಕುಮ ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ ಅಂತ ಹೇಳ್ರಿ.

ಕಾರ್ಬನ್ ಡೇಟಿಂಗ್ ವಿಷಯ. ಕಲ್ಲಿನ ಕೊಡ್ಲಿಗೆ ಅದು ಆಗೂದಿಲ್ಲ. ಎಲ್ಲಾರೂ ಇದನ್ನ ಕೇಳ್ತಾರ, ದೇವಸ್ಥಾನದ ಕಂಬಕ್ಕ ಕಾರ್ಬನ್ ಡೇಟಿಂಗ್ ಮಾಡ್ರಿ, ತಾಮ್ರದ ನಾಣ್ಯಕ್ಕ ಮಾಡ್ರಿ ಅಂತ. ಅದು ಒಂದು ಕಾಲಕ್ಕ ಜೀವ ಇದ್ದ ವಸ್ತುವಿಗೆ ಅಷ್ಟ. ಗಿಡ, ದನ, ಮನಷ್ಯಾ ಬದುಕಿರೂ ತನಕ ಗಾಳಿಯಿಂದ, ತಿನ್ನೂ ಊಟದಿಂದ ಕಾರ್ಬನ್-14 ಅನ್ನೂ ಕಾರ್ಬನ್ನಿನ ಒಂದು ಜಾತಿ ಮೈಯಾಗ ಸೇರ್ತಿರ್ತೈತಿ, ಸತ್ತ ದಿನದಿಂದ ಒಳಗ ಬರೂದು ಬಂದ್ ಆಗಿ ಇದ್ದದ್ದು ಕರಗಾಕ ಹತ್ತತೈತಿ, 5730 ವರ್ಷಕ್ಕ ಅರ್ಧ ಆಗ್ತೈತಿ, ಇನ್ನ ಅಷ್ಟ ವರ್ಷಕ್ಕ ಉಳಿದ ಅರ್ಧದಾಗ ಅರ್ಧ. ಎಷ್ಟು ಉಳದೈತಿ ಅಂತ ಎಣಿಸಿದ್ರ ಸತ್ತು ಎಷ್ಟು ದಿನ ಆತು ಅಂತ ಗೊತ್ತಾಗ್ತೈತಿ. ಅಮೆರಿಕಾದ ವಿಲ್ಲರ್ಡ್ ಲಿಬ್ಬಿ 1940ರ ದಶಕದ ಕೊನಿಗೆ ಇದನ್ನ ಮಾಡಿ ತೋರಿಸಿದ, 1960ರಾಗ ನೊಬೆಲ್ ಬಂತು. ಸುಮಾರು 50,000 ವರ್ಷದ ಹಿಂದ ಹೋದ್ರ ಎಣಿಸಾಕ ಏನೂ ಉಳಿಯೂದಿಲ್ಲ. ನಿಮ್ಮ ಕೊಡ್ಲ್ಯಾಗ ಕಾರ್ಬನ್ ಇಲ್ಲ, ಅದರ ಕಲ್ಲಿನ ವಯಸ್ಸು ಕೇಳಿದ್ರ ನೂರು ಕೋಟಿ ವರ್ಷಕ್ಕೂ ಜಾಸ್ತಿ, ಅದನ್ನ ತಗೊಂಡು ಏನ್ ಮಾಡ್ತೀರಿ.

ಹಂಗಾರ ಕೊಡ್ಲಿ ವರ್ಷ ಹೆಂಗ ಹೇಳ್ತಾರ ಅಂದ್ರ, ಅದರ ಜೋಡಿ ಅದ ಮಣ್ಣಾಗ ಮಲಗಿದ್ದ ಇದ್ದಲಿ, ಕಾಳು, ಎಲುಬು ಇವುಗಳ ವರ್ಷಾನ ಕೊಡ್ಲಿಗೂ ಹೇಳ್ತಾರ. ನಮ್ಮ ಕಸುಬೆಲ್ಲಾ "ಅದ ಮಣ್ಣಾಗ" ಅನ್ನೂ ಮಾತಿನ ಮ್ಯಾಲ ನಿಂತೈತಿ. ನಾ ವಿದ್ಯಾರ್ಥಿ ಇದ್ದಾಗ ಒಂದು ಕಡಿ ತೋಡೂ ಕೆಲಸ ನಡದಿತ್ತು, ಗುಂಡಿ ಗೋಡ್ಯಾಗ ಒಂದು ಕೆಂಪ ಮಣಿ ತುದಿ ಹೊಳೀತಿತ್ತು. ಊಟದ ಹೊತ್ತು, ಮ್ಯಾಲ ಯಾರೂ ಇರಲಿಲ್ಲ, ತಡಿಯಾಕ ಆಗಲಿಲ್ಲ, ಕರಣಿ ತುದೀಲೆ ಎಬ್ಬಿಸಿ ತಗದು ಓಡಿ ಹೋಗಿ ಗುರುಗಳ ಕೈಯಾಗ ಇಟ್ಟೆ. ಅವರು ಮಣಿ ನೋಡಲೇ ಇಲ್ಲ, ನನ್ನ ಮುಖಾ ನೋಡಿ "ಎಲ್ಲಿತ್ತೋ?" ಅಂದ್ರು. ಇಬ್ಬರೂ ಇಳದು ಹೋಗಿ ನೋಡೂದ್ರಾಗ ಗೋಡಿ ಮಣ್ಣು ಜರದು ಬಿದ್ದಿತ್ತು, ನಾಲ್ಕನೇ ಪದರೋ ಐದನೇದೋ ನನಗೂ ಹೇಳಾಕ ಬರಲಿಲ್ಲ. ಅಷ್ಟು ಚಂದದ ಮಣಿ "ಪದರ ತಿಳಿದಿಲ್ಲ" ಅಂತ ಬರಿಸ್ಕೊಂಡು ಡಬ್ಬಿ ಸೇರ್ತು. ನನ್ನ ನಾಲ್ಕು ದಿನ ಬುಟ್ಟಿ ಹೊರಾಕ ಹಚ್ಚಿದ್ರು. ಹೊತ್ತೆ.

ಪದರ ಅಂದ್ರ ಏನು ಅಂತ ತಿಳಕೊಳ್ಳಾಕ ನಿಮ್ಮ ತಿಪ್ಪಿ ಸಾಕು. ಯುಗಾದಿ ಹಿಂದ ಹಾಕಿದ್ದು ತಳದಾಗ, ನಿನ್ನೆ ಹಾಕಿದ್ದು ಮ್ಯಾಲ. ನಡುವ ಯಾರೂ ಕೆದರಿಲ್ಲಂದ್ರ ಕೆಳಗಿಂದು ಹಳೇದು, ಮ್ಯಾಲಿಂದು ಹೊಸಾದು. ಇದನ್ನ ಕಲ್ಲಿನ ಪದರದ ಬಗ್ಗೆ ನಿಕೋಲಸ್ ಸ್ಟೆನೊ ಅನ್ನೂ ಡೆನ್ಮಾರ್ಕಿನವ 1669ರಾಗ ಬರದಿಟ್ಟ, ಭೂವಿಜ್ಞಾನದವರಿಂದ ನಾವು ಕಡಾ ತಗೊಂಡ್ವಿ. ನಿಮ್ಮ ಹಾಳೂರ ದಿಬ್ಬಾನೂ ಹಂಗ ಬೆಳದದ್ದು. ಮಣ್ಣಿನ ಮನಿ ಮಳಿಗಾಲಕ್ಕ ಬೀಳ್ತೈತಿ, ಮಣ್ಣು ಎಲ್ಲಿ ಹೊತ್ತು ಒಗಿತಾರ, ಅಲ್ಲೇ ಸಪಾಟ ಮಾಡಿ ಅದರ ಮ್ಯಾಲ ಇನ್ನೊಂದು ಮನಿ ಕಟ್ತಾರ, ಹಿಂಗ ನೂರಾರು ವರ್ಷ ಆದ್ರ ಊರ ಎತ್ತರಕ್ಕ ಏರ್ತೈತಿ. ಕತ್ತರಿಸಿ ನೋಡಿದ್ರ ಸಗಣಿ ಸಾರಿಸಿದ ನೆಲಾ ಒಂದರ ಮ್ಯಾಲ ಒಂದು ತೆಳ್ಳನ ಗೆರಿ ಗೆರಿ ಕಾಣ್ತಾವ, ಒಮ್ಮೊಮ್ಮೆ ಹಪ್ಪಳ ಪೇರಿಸಿಟ್ಟಂಗ.

ಆದ್ರ ಯಾರೂ ಕೆದರಿಲ್ಲಂದ್ರ ಅಂದ್ನಲ್ಲ, ಎಲ್ಲಾ ತ್ರಾಸು ಅಲ್ಲೇ ಐತಿ. ನಮ್ಮ ಕಡಿ ಹಗೇವು ಗೊತ್ತಲ್ಲ ನಿಮಗ, ಜ್ವಾಳ ತುಂಬಿಡೂ ನೆಲದ ಗುಂಡಿ, ಮ್ಯಾಲ ಸಣ್ಣ ಬಾಯಿ ಒಳಗ ದೊಡ್ಡ ಹೊಟ್ಟಿ. ಇನ್ನೂರು ವರ್ಷದ ಹಿಂದ ಯಾರೋ ಹಳೇ ದಿಬ್ಬದ ಮ್ಯಾಲ ಮನಿ ಕಟ್ಟಿ ಒಂದಾಳುದ್ದ ಹಗೇವು ತಗದ್ರು ಅನ್ರಿ. ಆ ಗುಂಡಿ ಎಲ್ಲಾ ಹಳೇ ಪದರ ಕೊರಕೊಂಡು ಕೆಳಗ ಹೋಗ್ತೈತಿ. ಮುಂದ ಹಗೇವು ಹಾಳಾಗಿ ಅದರಾಗ ಬಳಿ ಚೂರು, ಒಡದ ಗಡಿಗಿ, ಕಸ ತುಂಬ್ತೈತಿ. ಈಗ ಕಣ್ಣ ಮುಚ್ಚಿ ತೋಡಿದವ, ಒಂದಾಳ ಆಳದಾಗ ಸಿಕ್ತು ಅಂತ ಆ ಬಳಿ ಚೂರಿಗೆ ಮೂರ್ ಸಾವಿರ ವರ್ಷ ಅಂತಾನ. ಆಳಾ ನೋಡಿ ವಯಸ್ಸು ಹೇಳಾಕ ಬರೂದಿಲ್ಲ, ಇದನ್ನ ಗಟ್ಟಿ ನೆನಪ ಇಟ್ಕೋರಿ. ಹಗೇವಿನ ಒಳಗಿನ ಮಣ್ಣಿಗೂ ಸುತ್ತಲ ಮಣ್ಣಿಗೂ ಬಣ್ಣ ಬ್ಯಾರೆ, ಮೆತ್ತಗ ಗಟ್ಟಿ ಬ್ಯಾರೆ, ಕರಣಿ ಹಿಡದ ಕೈಗೆ ಗೊತ್ತಾಗ್ತೈತಿ. ಒಳಗಿಂದನ್ನ ಮೊದಲ ಪೂರ್ತಿ ಬರಿದು ಮಾಡಿ, ಬ್ಯಾರೆ ಚೀಲದಾಗ ಹಾಕಿ, ಆಮ್ಯಾಲ ಸುತ್ತಲದ್ದು ಮುಟ್ಟಬೇಕು. ಇಲಿ, ಹೆಗ್ಗಣ, ಬೇವಿನ ಬೇರು, ಇವೂ ಸಣ್ಣಗ ಇದ ಕೆಲಸ ಮಾಡ್ತಿರ್ತಾವ.

ಮತ್ತ ಎರಿ ಹೊಲದ್ದು ಬ್ಯಾರೆನ ಪಜೀತಿ. ಬ್ಯಾಸಗಿಗೆ ನಮ್ಮ ಎರಿ ಹೊಲ ಬಿರಕ ಬಿಡ್ತಾವಲ್ಲ, ಕೈ ಹಾಕಿದ್ರ ಮೊಣಕೈ ತನಕ ಒಳಗ ಹೋಗೂವಂಥಾವು. ಮ್ಯಾಲಿನ ಸಣ್ಣ ಮಣಿ, ಚೂರು, ಕಾಳು ಆ ಬಿರುಕಿನಾಗ ಬೀಳ್ತಾವ, ಮಳಿ ಬಂತು, ಮಣ್ಣು ಉಬ್ಬಿ ಬಾಯಿ ಮುಚ್ಚಿತು. ಗದಗ ನರಗುಂದ ನವಲಗುಂದ ಕಡಿ ಕರೇ ಮಣ್ಣಿನ ಹೊಲದಾಗ ಸಿಕ್ಕ ಸಣ್ಣ ಸಾಮಾನಿನ ಆಳಾ ನಾ ಅಂತೂ ಸುಲಭಕ್ಕ ನಂಬೂದಿಲ್ಲ. ಇದರ ಮ್ಯಾಲ ರಂಟಿ, ಟ್ರ್ಯಾಕ್ಟರ್. ಹಿಂಗಾಗಿ ನಿಮಗ ಕೊಡ್ಲಿ ಮತ್ತ ಕರಿ ಕೆಂಪ ಚೂರು ಒಂದ ಹೊಲದಾಗ ಸಿಕ್ಕಾವ ಅಂದ್ರ ಅವು ಒಂದ ಕಾಲದ್ದು ಅಂತ ಆಗೂದಿಲ್ಲ. ಒಬ್ಬರು ಇದ್ದು ಹೋದ ಎಷ್ಟೋ ತಲಿಮಾರಿನ ಮ್ಯಾಲ ಅದ ಜಾಗಾಕ್ಕ ಇನ್ನೊಬ್ಬರು ಬಂದಿರಬಹುದು, ರಂಟಿ ಎರಡನ್ನೂ ಒಂದ ಸಾಲಿಗೆ ಎಳದು ಹಾಕೇತಿ.

ಆ ಚೂರಿನ ಬಗ್ಗೆ ಹೇಳ್ತೀನಿ, ಯಾಕಂದ್ರ ನನಗ ಕೊಡ್ಲಿಗಿಂತ ಅವ ಹೆಚ್ಚ ಕೆಲಸದ್ದು. ಒಳಗ ಕರಿ, ಹೊರಗ ಕೆಂಪು, ಎರಡು ಬಣ್ಣ ಬಳದದ್ದಲ್ಲ ಅದು. ಸುಡೂವಾಗ ಗಡಿಗಿನ ಬೋರಲ ಹಾಕಿ ಸುಟ್ಟಾರ ಅಂತ ಭಾಳ ಮಂದಿ ಹೇಳೂದು, ಒಳಗ ಮತ್ತ ಬಾಯಿ ಕಡಿ ಗಾಳಿ ಆಡದ ಹೊಗಿ ಹಿಡದು ಕರಿ, ಹೊರಗ ಗಾಳಿ ಸಿಕ್ಕು ಕೆಂಪು. ನಮ್ಮ ಭಾಗದಾಗ ಇದು ಕಬ್ಬಿಣ ಬಳಸಾಕ ಸುರು ಮಾಡಿದ, ದೊಡ್ಡ ದೊಡ್ಡ ಕಲ್ಲಿನ ಗೋರಿ ಕಟ್ಟಿದ ಕಾಲದ ಗುರುತು, ಬೃಹತ್ ಶಿಲಾಯುಗ ಅಂತೀವಿ. ಕೊಪ್ಪಳ ಜಿಲ್ಲಾದ ಹಿರೇಬೆಣಕಲ್ ಗುಡ್ಡದಾಗ ಆ ಕಲ್ಲಿನ ಮನಿಗಳು ಇನ್ನೂ ನಿಂತಾವ, ಜನ ಮೋರೇರ ಮನಿ ಅಂತಾರ. ಚಿನ್ನ ಸಿಕ್ರ ಕರಗಸ್ತಾರ, ಕಬ್ಬಿಣ ತುಕ್ಕು ಹಿಡೀತೈತಿ, ಕಟ್ಟಿಗಿ ಗೆದ್ದಲ ತಿಂತೈತಿ, ಗಡಿಗಿ ಒಡದ್ರ ಮಾತ್ರ ಯಾರಿಗೂ ಬ್ಯಾಡ, ಒಗದಲ್ಲೇ ಸಾವಿರ ವರ್ಷ ಬಿದ್ದಿರ್ತೈತಿ. ಮತ್ತ ಅದರ ಫ್ಯಾಶನ್ ಬದಲ ಆಗ್ತಿರ್ತೈತಿ. ನಿಮ್ಮ ಅಟ್ಟದ ಮ್ಯಾಲ ನೋಡ್ರಿ, ಮಣ್ಣಿನ ಕೊಡ, ತಾಮ್ರದ ಕೊಡ, ಸ್ಟೀಲ್ ಕೊಡ, ಪ್ಲಾಸ್ಟಿಕ್ ಕೊಡ, ಯಾವುದರ ಹಿಂದ ಯಾವುದು ಬಂತು ಅಂತ ನಿಮ್ಮ ಅವ್ವ ವರ್ಷ ಹೇಳದಿದ್ರೂ ಸಾಲು ಹೇಳ್ತಾರ. ಇಜಿಪ್ಟಿನಾಗ ಫ್ಲಿಂಡರ್ಸ್ ಪೆಟ್ರಿ ಅನ್ನವ ಇದ ಉಪಾಯ ಮಾಡಿ, ಒಂದೊಂದು ಗೋರ್ಯಾಗ ಎಂಥೆಂಥಾ ಗಡಿಗಿ ಅದಾವ ಅಂತ ಚೀಟಿ ಬರದು, ಚೀಟಿ ಹಿಂದ ಮುಂದ ಸರಸಿ ಸರಸಿ, ಒಂದೂ ತಾರೀಖು ಇಲ್ಲದ ನೂರಾರು ಗೋರಿ ಸಾಲಾಗಿ ಜೋಡಿಸಿಬಿಟ್ಟ, 1899ರಾಗ ಅದನ್ನ ಬರದ.

ಸಾಲು ಬ್ಯಾರೆ, ವರ್ಷ ಬ್ಯಾರೆ. ಇದಕ್ಕ ನಮ್ಮ ಕಡಿದ ಒಂದು ಉದಾಹರಣಿ ಕೊಡ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ತಡ್ಕೋರಿ. ಮಾರ್ಟಿಮರ್ ವೀಲರ್ ಅಂತ ಬ್ರಿಟಿಷ್ ಸಾಹೇಬ, ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಇದ್ದವ. 1945ರಾಗ ಪಾಂಡಿಚೇರಿ ಹತ್ರ ಅರಿಕಮೇಡು ತೋಡಿದಾಗ ಇಟಲಿಯಿಂದ ಹಡಗಿನಾಗ ಬಂದ ಒಂದು ಜಾತಿ ಕೆಂಪ ಮಣ್ಣಿನ ಪಾತ್ರಿ ಸಿಕ್ವು, ಆ ಪಾತ್ರಿ ಯಾವ ಕಾಲದ್ದು ಅಂತ ಇಟಲಿಯೊಳಗ ಪಕ್ಕಾ ಗೊತ್ತಿತ್ತು, ಕ್ರಿಸ್ತಶಕ ಒಂದನೇ ಶತಮಾನದ ಸುಮಾರು. ಅವುಗಳ ಜೋಡಿ ಅದ ಪದರದಾಗ ನಮ್ಮ ದೇಶದ್ದ ಒಂದು ಥರದ ತಟ್ಟಿ ಚೂರು ಇದ್ವು, ಒಳಗ ಸುತ್ತಲೂ ಹಲ್ಲಿನ ಚಕ್ರ ಉರುಳಿಸಿ ಗೆರಿ ಹಾಕಿದ್ವು. 1947ರಾಗ ಅವ ನಮ್ಮ ಚಿತ್ರದುರ್ಗ ಜಿಲ್ಲಾಕ್ಕ ಬಂದು ಬ್ರಹ್ಮಗಿರಿ ತೋಡಿದ, ಅಶೋಕನ ಶಾಸನ ಇದ್ದ ಜಾಗ ಅದು. ಅಲ್ಲಿ ಮ್ಯಾಲಿನ ಪದರದಾಗ ಅದ ಹಲ್ಲಿನ ಗೆರಿ ಚೂರು ಸಿಕ್ವು. ಹಂಗಾರ ಈ ಪದರ ಒಂದನೇ ಶತಮಾನದ ಹೊತ್ತಿಂದು. ಅದರ ಕೆಳಗ ಕರಿ ಕೆಂಪ ಗಡಿಗಿ ಕಬ್ಬಿಣದವರು, ಅವರ ಕೆಳಗ ಕಲ್ಲಿನ ಕೊಡ್ಲಿಯವರು. ಅಂದ್ರ ನಿಮ್ಮ ಹೊಲದಾಗಿನ ಎರಡೂ ಜನ ಅಲ್ಲಿ ಮೆಟ್ಲ ಮೆಟ್ಲ ಕೂತಿದ್ರು, ಯಾರ ಮೊದಲ ಯಾರ ಆಮ್ಯಾಲ ಅಂತ ಪಕ್ಕಾ ಆತು.

ಮುಂದಿಂದು ಮಜಾ. ಮ್ಯಾಲಿನ ಪದರದ ವರ್ಷ ಒಂದ ಗೊತ್ತು, ಕೆಳಗಿಂದು ಅಂದಾಜು ಮಾಡಬೇಕು. ವೀಲರ್ ಸಾಹೇಬ ಗೋರಿ ಜನಕ್ಕ ಕ್ರಿಸ್ತಪೂರ್ವ 200ರಿಂದ ಸುರು ಅಂದ, ಕೊಡ್ಲಿ ಜನಕ್ಕ ಕ್ರಿಸ್ತಪೂರ್ವ ಒಂದನೇ ಸಹಸ್ರಮಾನದ ಸುರುವಾತು ಅಂದ. ಆಗ ಕಾರ್ಬನ್ ಪರೀಕ್ಷೆ ಇನ್ನೂ ಹುಟ್ಟಿರಲಿಲ್ಲ. ಮುಂದ 1965ರ ಸುಮಾರು ಎಂ.ಎಸ್. ನಾಗರಾಜರಾಯರು ನಿಮ್ಮ ಹಾವೇರಿ ಜಿಲ್ಲಾದ್ದ ಹಳ್ಳೂರು ತೋಡಿದ್ರು, ತುಂಗಭದ್ರಾ ದಂಡಿ ಮ್ಯಾಲಿನ ಊರು. ಅಲ್ಲಿ ಕೊಡ್ಲಿ ಜನದ ಮ್ಯಾಲ, ಕಬ್ಬಿಣ ಮೊದಲ ಕಾಣಿಸ್ಕೊಂಡ ಪದರದ ಇದ್ದಲಿ ಪರೀಕ್ಷೆಕ್ಕ ಹೋತು, ಉತ್ತರ ಬಂದದ್ದು ಕ್ರಿಸ್ತಪೂರ್ವ ಸುಮಾರು 1000. ವೀಲರ್ ಹೇಳಿದ್ದಕ್ಕೂ ಇದಕ್ಕೂ ಎಂಟುನೂರು ವರ್ಷ ಅಂತರ! ಕೊಡ್ಲಿ ಜನಾ ಅಂತೂ ಇನ್ನೂ ಒಂದು ಸಾವಿರ ವರ್ಷಕ್ಕಿಂತ ಹಿಂದ ಸರದ್ರು, ತೆಲಂಗಾಣದ ಉಟ್ನೂರಾಗ ಅವರು ಸಗಣಿ ಸುಟ್ಟು ಬೆಳದ ಬೂದಿ ದಿಬ್ಬದಾಗ ಕ್ರಿಸ್ತಪೂರ್ವ ಮೂರನೇ ಸಹಸ್ರಮಾನಕ್ಕ ಹೋತು ಲೆಕ್ಕ. ಸಾಹೇಬನ ವರ್ಷ ಎಲ್ಲಾ ಬಿದ್ದು ಹೋದ್ವು, ಅವ ಹಚ್ಚಿದ ಸಾಲು ಮಾತ್ರ ಇವತ್ತಿಗೂ ಹಂಗ ಐತಿ, ಯಾಕಂದ್ರ ಪದರ ಬಿಡಿಸಿದ್ದು ಶಿಸ್ತಿಲೆ, ಎಲ್ಲಿತ್ತು ಅಂತ ಬರದಿಟ್ಟದ್ದು ಶಿಸ್ತಿಲೆ. ಬರದಿಟ್ಟಿರದಿದ್ರ ಸುಧಾರಿಸಾಕ ಏನ್ ಇರ್ತಿತ್ತು ಹೇಳ್ರಿ.

ಇದರಿಂದ ಕಾರ್ಬನ್ ಪರೀಕ್ಷೆ ಅಂದ್ರ ದೇವರ ವಾಕ್ಯ ಅಂತಾನೂ ತಿಳ್ಕೋಬ್ಯಾಡ್ರಿ. ಬರೂ ಉತ್ತರ ಒಂದು ವರ್ಷ ಇರೂದಿಲ್ಲ, ಇಷ್ಟರಿಂದ ಇಷ್ಟರ ಒಳಗ ಅಂತ ಇರ್ತೈತಿ, ಗಾಳ್ಯಾಗಿನ ಕಾರ್ಬನ್-14 ಎಲ್ಲಾ ಕಾಲಕ್ಕೂ ಒಂದ ಪ್ರಮಾಣದಾಗ ಇರಲಿಲ್ಲ ಅಂತ ಗಿಡದ ಉಂಗುರ ಎಣಿಸಿ ಮಾಡಿದ ಪಟ್ಟಿ ಜೋಡಿ ತಾಳೆ ಹಾಕಬೇಕು. ಇನ್ನೊಂದು, ಏನ್ ಕೊಟ್ರಿ ಅನ್ನೂದು ದೊಡ್ಡದು. ಹಳೇ ವಾಡೇದ ತೇಗಿನ ಕಂಬಾ ಬಿಚ್ಚಿ ಹೊಸ ಮನಿಗೆ ಹಾಕೂದು ನಮ್ಮಲ್ಲಿ ಹೊಸಾದಲ್ಲ, ಆ ಮನಿ ನಾಳೆ ಸುಟ್ಟು ಅದರ ಇದ್ದಲಿ ಪರೀಕ್ಷೆ ಮಾಡಿದ್ರ ಗಿಡ ಬೆಳದ ಕಾಲ ಬರ್ತೈತಿ, ಮನಿ ಸುಟ್ಟ ವರ್ಷ ಬರೂದಿಲ್ಲ. ಅದಕ್ಕ ಸುಟ್ಟ ಕಾಳು ಚಲೋ, ಹುರಳಿ ಹೆಸರು ಒಂದ ವರ್ಷದ ಬೆಳಿ, ಮೋಸ ಇಲ್ಲ. ಗಡಿಗಿ ಚೂರಿಗೂ ಬ್ಯಾರೆ ಪರೀಕ್ಷೆ ಐತಿ, ಥರ್ಮೋಲ್ಯುಮಿನೆಸೆನ್ಸ್ ಅಂತ, ಕಡೀ ಸಲ ಬೆಂಕಿ ಕಂಡದ್ದು ಯಾವಾಗ ಅಂತ ಹೇಳ್ತೈತಿ, ಅದಕ್ಕ ಸುತ್ತಲಿನ ಮಣ್ಣಿನ ಮಾದರೀನೂ ಬೇಕು, ನಿಮ್ಮ ಬುಟ್ಟ್ಯಾಗಿನ ತೊಳದ ಚೂರಿಗೆ ಕಷ್ಟ.

ನಮ್ಮ ಧಾರವಾಡ ಜಿಲ್ಲಾದ ಅಣ್ಣಿಗೇರಿ ನೆನಪ ಐತಲ್ಲ? 2010ರಾಗ ಗಟಾರ ತೋಡುವಾಗ ನೂರಾರು ತಲಿಬುರುಡಿ ಸಾಲಾಗಿ ಜೋಡಿಸಿಟ್ಟಂಗ ಸಿಕ್ವು, ಟಿವಿಯವರು ಬಂದ್ರು, ದಿನಕ್ಕೊಂದು ಕಥಿ ಹುಟ್ಟಿತು. 1791-92ರ ಡೋಗಿ ಬರದಾಗ ಸತ್ತವರ ಬುರುಡಿ ಅಂತ ಭಾಳ ಮಂದಿ ಅಂದ್ರು, ನಂಬೂವಂಗ ಇತ್ತು. ಆದ್ರ ಕಾರ್ಬನ್ ಪರೀಕ್ಷೆ ವರದಿ ಬಂದಾಗ ಸುಮಾರು 600 ವರ್ಷದ ಹಿಂದಿನವು ಅಂತ ಆತು, ಬರದ ಕಥಿ ಅಲ್ಲಿಗೆ ನಿಂತ್ತು. ಎಲುಬು ಇದ್ದದ್ದಕ್ಕ ಪರೀಕ್ಷೆ ಆತು, ಜೋಡಿಸಿದ ಸಾಲು ಇದ್ದಲ್ಲೇ ಇದ್ದದ್ದಕ್ಕ ಇದು ಸುಮ್ಮನ ಹುಗದದ್ದಲ್ಲ ಅಂತ ಗೊತ್ತಾತು. ಬುರುಡಿ ಎಲ್ಲಾ ಒಂದು ಟ್ರ್ಯಾಲಿಗೆ ತುಂಬಿ ತಂದಿದ್ರ ಎರಡನೇದು ಹೋಗೇ ಬಿಡ್ತಿತ್ತು.

ತೋಡೂದು ಹೆಂಗ ಅಂತ ಕೇಳಿದ್ರಿ. ನಾವು ತೋಡೂದಕ್ಕಿಂತ ಮೊದಲ ಭಾಳ ದಿನ ಸುಮ್ಮನ ಅಡ್ಡಾಡ್ತೀವಿ. ಒಂದೊಂದು ಮಾರು ಅಂತರದಾಗ ನಾಲ್ಕೈದು ಮಂದಿ ಸಾಲಾಗಿ ತಲಿ ತಗ್ಗಿಸಿ ಹೊಲದಾಗ ನಡಿಯೂದು, ಕಂಡ ಚೂರಿಗೆಲ್ಲಾ ಜಾಗಾ ಗುರುತು ಹಾಕೂದು. ಹರಗಿದ ಹೊಲದ ಮ್ಯಾಲ ಮೊದಲ ಮಳಿ ಬಿದ್ದ ಮರುದಿನ ಭಾಳ ಚಲೋ, ಚೂರು ತೊಳದು ಮಿಂಚ್ತಿರ್ತಾವ. ಎಲ್ಲಿ ಚೂರು ದಟ್ಟ ಅದಾವ, ಎಲ್ಲಿ ಖಾಲಿ ಅಂತ ನಕ್ಷೆ ಮಾಡಿದ್ರ ಊರ ಎಷ್ಟಿತ್ತು ಅಂತ ಅರ್ಧ ತಿಳೀತೈತಿ, ಒಂದು ಬುಟ್ಟಿ ಮಣ್ಣೂ ತಗೀದ. ಹಳ್ಳದ ದಂಡಿ ಕುಸದಲ್ಲಿ, ಹೊಸಾ ಬಾವಿ ತಗದಲ್ಲಿ, ರೋಡಿಗೆ ದಿಬ್ಬ ಕಡದಲ್ಲಿ ಗೋಡಿ ನೋಡಿದ್ರ ಪದರ ಪುಕ್ಕಟ ಓದಾಕ ಸಿಗ್ತಾವ. ನಿಮ್ಮ ಹಾಳೂರ ದಿಬ್ಬದ ಒಂದು ಬದಿ ಯಾರೋ ಹೊಲಕ್ಕ ಹಾಕಾಕ ಮಣ್ಣು ಕಡಕೊಂಡು ಹೋಗಿರ್ತಾರ ನೋಡ್ರಿ, ಎಲ್ಲಾ ಊರಾಗೂ ಒಯ್ದಾರ, ಬೂದಿ ಸಗಣಿ ಬೆರತ ಮಣ್ಣು ಬೆಳಿಗೆ ಚಲೋ ಅಂತ. ಕೆಟ್ಟದ್ದು, ಆದ್ರ ಕಡದ ಗೋಡಿ ನಮಗ ಕಿಡಕಿ ಆಗ್ತೈತಿ.

ಆಮ್ಯಾಲನ ತೋಡೂದು. ಹಗ್ಗ ಗೂಟ ಹಾಕಿ ಚೌಕ ಚೌಕ ಮಾಡ್ಕೋತೀವಿ, ಐದು ಮೀಟರಿಂದೋ ಹತ್ತು ಮೀಟರಿಂದೋ, ಎರಡು ಚೌಕದ ನಡುವ ಒಂದು ಗೋಡಿ ತೋಡದ ಬಿಡ್ತೀವಿ, ಮ್ಯಾಲ ನಡದಾಡಾಕೂ ಆತು, ಕೆಳಗ ಪದರ ಸಾಕ್ಷಿಗೂ ಆತು. ವೀಲರನ ಪದ್ಧತಿನ ಅದು. ಗುದ್ದಲಿ ಹಗರಕ, ಮುಂದ ಗೌಂಡೇರ ಕರಣಿ, ಮುಂದ ಬ್ರಶ್. ಮಣ್ಣಿನ ಬಣ್ಣ ಬದಲಾತೋ ಅಲ್ಲಿಗೆ ನಿಲ್ಲಿಸು, ಚೀಟಿ ಬದಲ ಮಾಡು, ಚೀಲ ಬದಲ ಮಾಡು. ತಗದ ಮಣ್ಣೆಲ್ಲಾ ಸಾಣಿಗಿ ಹಿಡೀಬೇಕು. ಫೋಟೊ, ಅಳತಿ, ಗೋಡಿದ ಚಿತ್ರ ಕೈಲೆ ತಗಿಯೂದು, ಸಂಜಿಕ ಡೈರಿ. ಸಿನಿಮಾದಾಗ ತೋರಿಸಿದಂಗ ಏನೂ ಇಲ್ಲ, ಬಿಸಿಲಾಗ ಗ್ರಾಮಸೇವಕರ ಕೆಲಸ ಮಾಡಿದಂಗ, ಬರಿಯೂದ ಬರಿಯೂದು. ಒಂದು ಗುಂಡ್ಯಾಗ 1957ರ ನಯಾ ಪೈಸಾ ಸಿಕ್ರ ಆ ಗುಂಡಿ ಮುಚ್ಚಿದ್ದು 1957ಕ್ಕಿಂತ ಮೊದಲ ಅಲ್ಲ ಅಂತ ಬರೀತೀವಿ, 1957ರಾಗ ಅಂತ ಬರಿಯೂದಿಲ್ಲ, ಯಾಕಂದ್ರ ಆ ಪೈಸಾ ಯಾರದೋ ಕಿಸೇದಾಗ ಇಪ್ಪತ್ತು ವರ್ಷ ಅಡ್ಡಾಡಿ ಬಿದ್ದಿರಬಹುದು. ಅಷ್ಟು ಜಿಗುಟು ಮಾತು ಆಡಬೇಕಾಗ್ತೈತಿ.

ಮತ್ತ ಎಲ್ಲಾ ತೋಡೂದಿಲ್ಲ, ಬೇಕಂತನ ಉಳಸ್ತೀವಿ. ತೋಡೂದು ಅಂದ್ರ ಕೆಡಸೂದು, ಒಂದ ಸಲ ಓದಾಕ ಬರೂ ಪುಸ್ತಕ, ಓದಿದ ಹಾಳಿ ಅಲ್ಲೇ ಹರಿತೈತಿ. ಹಳ್ಳೂರಾಗ ದಿಬ್ಬ ಪೂರ್ತಿ ತೋಡಿರಲಿಲ್ಲ ಅನ್ನೂದಕ್ಕ 1990ರ ದಶಕದ ಕೊನಿಗೆ ಹಳೇ ಬೆಳಿ ಅಭ್ಯಾಸ ಮಾಡೂ ಡೋರಿಯನ್ ಫುಲ್ಲರ್, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೊರಿಸೆಟ್ಟರ್ ಇವರೆಲ್ಲಾ ದಕ್ಷಿಣದ ಹಳೇ ಜಾಗಾದಾಗ ಕಾಳು ಹುಡುಕೂ ಕೆಲಸ ಮಾಡಿದಾಗ ಹಳ್ಳೂರಿನ ಮಣ್ಣೂ ಸಿಕ್ತು. ಉಪಾಯ ಎಷ್ಟು ಸಾದಾ ನೋಡ್ರಿ, ಪದರದ ಮಣ್ಣು ನೀರಾಗ ಹಾಕಿ ಕಲಕೂದು, ಸುಟ್ಟು ಕರ್ರಗಾದ ಕಾಳು ಹಗರ ಇರ್ತೈತಿ, ತೇಲ್ತೈತಿ, ಸಣ್ಣ ಜಾಳಗ್ಯಾಗ ಹಿಡಿಯೂದು, ಒಣಗಿಸಿ ಸೂಕ್ಷ್ಮದರ್ಶಕದಾಗ ನೋಡೂದು. ಅದರಾಗ ಸಿಕ್ಕದ್ದು ಹುರಳಿ, ಹೆಸರು, ಕೊರಲೆ. ಕಲ್ಲಿನ ಕೊಡ್ಲಿ ಜನ ಹುರಳಿ ಕಟ್ಟಿನ ಸಾರು ಮಾಡ್ತಿದ್ರೋ ಏನೋ ಅದು ಗೊತ್ತಿಲ್ಲ ಬಿಡ್ರಿ, ಆದ್ರ ಈ ಬೆಳಿ ದಕ್ಷಿಣ ಭಾರತದಾಗನ ಮನಷ್ಯಾ ಪಳಗಿಸಿದ್ದು ಅನ್ನೂ ವಿಚಾರಕ್ಕ ಇಂಥಾ ಕಾಳ ಸಾಕ್ಷಿ. 1965ರಾಗ ಜಾಗಾ ಖಾಲಿ ಮಾಡಿಬಿಟ್ಟಿದ್ರ ಈ ಕಾಳು ಬುಟ್ಟಿ ಮಣ್ಣಿನ ಜೋಡಿ ಹೊಳಿಗೆ ಹೋಗಿರ್ತಿದ್ವು. ಹಳ್ಳೂರಿಂದ ಇನ್ನೊಂದು ಜಗಳಾನೂ ಐತಿ, ಅಲ್ಲಿಯ ಎಲುಬು ನೋಡಿದ ಪಶುವೈದ್ಯ ಕೆ.ಆರ್. ಆಲೂರರು ಇದರಾಗ ಕುದುರಿ ಎಲುಬು ಅದಾವ ಅಂದ್ರು, ಅದರ ಮ್ಯಾಲ ವಿದ್ವಾಂಸರು ವರ್ಷಗಟ್ಟಲೆ ಬಡದಾಡ್ಯಾರ, ಅದು ಕುದುರೇನೋ ಅಲ್ಲೋ, ಯಾವ ಪದರದ್ದು ಅಂತ. ಮತ್ತ ಅದ ಪ್ರಶ್ನೆಕ್ಕ ಬಂತು ನೋಡ್ರಿ, ಎಲ್ಲಿತ್ತು.

ಕಾನೂನು ಬಗ್ಗೆ ಎರಡ ಮಾತು. ನಿಮ್ಮ ಸ್ವಂತ ಹೊಲ ಆದ್ರೂ ಹಳೇ ಸಾಮಾನು ಹುಡುಕಾಕ ಅಂತ ತೋಡಾಕ ಬರೂದಿಲ್ಲ, ರಾಜ್ಯ ಸರಕಾರ ತೋಡಬೇಕಂದ್ರೂ 1958ರ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗಿ ಬೇಕು. ನೂರು ವರ್ಷ ಮ್ಯಾಲಿನ ಇಂಥಾ ವಸ್ತು 1972ರ ಕಾಯ್ದೆಯೊಳಗ ಪುರಾವಸ್ತು, ಲೈಸನ್ಸ್ ಇಲ್ಲದ ಮಾರೂವಂಗಿಲ್ಲ, ದೇಶದ ಹೊರಗ ಒಯ್ಯೂವಂಗಿಲ್ಲ. ಬಂಗಾರ ಬೆಳ್ಳಿ ಸಿಕ್ರ ಜಿಲ್ಲಾಧಿಕಾರಿಗೆ ತಿಳಸಬೇಕು, ಕರ್ನಾಟಕದ 1962ರ ನಿಧಿ ಕಾಯ್ದೆಯೊಳಗ ಹಂಗ ಐತಿ. ಆದ್ರ ನಿಮ್ಮ ಗೆಳ್ಯಾರಿಗೆ ಖರೇ ಹೇಳ್ರಿ, ಕಲ್ಲಿನ ಕೊಡ್ಲಿ ಊರಾಗ ನಿಧಿ ಇರೂದಿಲ್ಲ. ಅವರ ಆಸ್ತಿ ದನ, ಹಟ್ಟಿ ಸಗಣಿ ಸುಟ್ಟ ಬೂದಿ ದಿಬ್ಬಾನ ಅವರ ಗುರುತು, ಉಟ್ನೂರಿನ ದಿಬ್ಬದಾಗ ದನದ ಗೊರಸಿನ ಹೆಜ್ಜಿ ಸೈತ ಸಿಕ್ಕಾವ.

ಇನ್ನ ನೀವು ಮಾಡೂದು. ಕೊಡ್ಲಿ ಸಿಕ್ಕ ಜಾಗಾಕ್ಕ ರಂಟಿ ಹೊಡದವನ್ನ ಕರಕೊಂಡು ಹೋಗಿ, ಹೆಚ್ಚು ಕಮ್ಮಿ ಇಲ್ಲೇ ಅಂತ ತೋರಿಸಿದಲ್ಲಿ ನಿಂತು ಮೊಬೈಲ್ನಾಗ ಲೊಕೇಶನ್ ಹಾಕಿ ಫೋಟೊ ತಗೀರಿ, ಬದು, ಬೇವಿನ ಗಿಡ, ದಿಬ್ಬ ಎಲ್ಲಾ ಕಾಣಬೇಕು. ಸಾಮಾನಿನ ಫೋಟೊ ತಗೀವಾಗ ಬಾಜು ಒಂದು ಸ್ಕೇಲ್ ಇಡ್ರಿ, ಇಲ್ಲಂದ್ರ ಪೆನ್ನು. ಉಳದ ಚೂರು ತೊಳೀಬ್ಯಾಡ್ರಿ, ಬ್ರಶ್ ಹಾಕಬ್ಯಾಡ್ರಿ, ಹೊಲದ ಯಾವ ಕಡಿದು ಅಂತ ಚೀಟಿ ಬರದು ಬ್ಯಾರೆ ಬ್ಯಾರೆ ಚೀಲಕ್ಕ ಹಾಕ್ರಿ. ಆಮ್ಯಾಲ ಧಾರವಾಡಕ್ಕ ಬರ್ರಿ, ವಿಶ್ವವಿದ್ಯಾಲಯದ ಇತಿಹಾಸ ಮತ್ತ ಪುರಾತತ್ವ ವಿಭಾಗ ಐತಿ, ಕನ್ನಡ ಸಂಶೋಧನ ಸಂಸ್ಥೆ ಐತಿ, ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯದ ಆಫೀಸೂ ಐತಿ, ಯಾರಿಗಾದ್ರೂ ತೋರಸ್ರಿ. ಹೊಲ ಕಸಗೊಂಡು ಬಿಡ್ತಾರೇನೋ ಅಂತ ಅಂಜಬ್ಯಾಡ್ರಿ, ಒಂದು ಕೊಡ್ಲಿ ಸಿಕ್ತು ಅಂತ ಯಾರೂ ಹೊಲ ತಗೊಳ್ಳೂದಿಲ್ಲ, ಜಾಗಾ ದಾಖಲಿ ಆಗ್ತೈತಿ ಅಷ್ಟ.

ನೀವು ಹಾಕಿದ ಫೋಟೊದಾಗ ಚೂರಿನ ಹೊಟ್ಟಿ ಭಾಗ ಅಷ್ಟ ಕಾಣ್ತೈತಿ, ಬಾಯಿ ಅಂಚಿನ ಚೂರು ಅದಾವೇನು ಆರಿಸಿ, ಒಳಗಿಂದ ಹೊರಗಿಂದ ಎರಡೂ ಕಡಿ ತಗದು ಕಳಸ್ರಿ. ಚೂರು ಮುರದ ಜಾಗಾದಾಗ ನಡುವಿನ ಬಣ್ಣ ಏನೈತಿ ಅಂತಾನೂ ನೋಡ್ರಿ. ಮತ್ತ ದಿಬ್ಬದ ಕಡದ ಗೋಡಿ ಬಿಸಿಲು ಏರೂ ಮೊದಲ ಮುಂಜಾನೆ ಹೋಗಿ, ಸ್ವಲ್ಪ ನೀರು ಚಿಮುಕಿಸಿ ಫೋಟೊ ತಗೀರಿ, ಹಸಿ ಇದ್ದಾಗ ಪದರ ಎದ್ದು ಕಾಣ್ತಾವ. ಗೋಡ್ಯಾಗ ಏನಾರ ಮಣಿ ಹೊಳೀತಂದ್ರ ಕೈ ಹಾಕಬ್ಯಾಡ್ರಿ.